ರೋಹಿಣಿ ಮಳೆಗೆ ಬಂದ ಹೋತ

ಮಾಗಿಯ ಚಳಿಗೆ ರೊಪ್ಪದ ಬಾಗಿಲಲ್ಲಿ ಬೆಂಕಿ ಹಾಕಿ ಕುಳಿತರೆ ನಮ್ಮ ಮನೆಯಲ್ಲಿ ಎಲ್ಲ ಮಾತೂ ಸುತ್ತಿ ಬಳಸಿ ಮೇಕೆಗೇ ಬಂದು ನಿಲ್ಲುತ್ತದೆ. ಯಾವ ಮೇಕೆ ಅವಳಿ ಹಾಕಿತು, ಯಾವುದನ್ನು ತೋಳ ಎಳೆದುಕೊಂಡು ಹೋಯಿತು, ಯಾವ ಮರಿಗೆ ತಾಯಿ ಮೊಲೆ ಕೊಡದೆ ಒದೆಯಿತು. ಎಲ್ಲ ಮುಗಿದ ಮೇಲೆ ಅಣ್ಣನ ಮಕ್ಕಳು ಕೇಳುವುದು ಮಾತ್ರ ಒಂದೇ ಕಥೆ. ಹಿಂಡಿಗೆ ಹಿಂಡೇ ಗೊಡ್ಡಾಯಿತು ಎಂದು ಅಜ್ಜಿ ಮಾರಲು ಹೊರಟಿದ್ದಳಲ್ಲ, ಆ ವರ್ಷದ್ದು ಹೇಳು ಎನ್ನುತ್ತಾರೆ. ನಾನು ಆಗ ಶಾಲೆಗೆ ಹೋಗುವ ಹುಡುಗ. ಬೇಸಿಗೆ ರಜೆಯಲ್ಲಿ ಮೇಕೆ ಕಾಯುವುದು ನನ್ನ ಕೆಲಸವಾದ್ದರಿಂದ ನಡೆದದ್ದನ್ನೆಲ್ಲ ಹತ್ತಿರದಿಂದ ಕಂಡೆ. ಅದರ ಒಳಗಿನ ಕಾರಣ ತಿಳಿದದ್ದು ಪಶುವೈದ್ಯಕೀಯ ಓದಲು ಹೋದ ಮೇಲೆ. ಕಂಡದ್ದನ್ನೂ ಓದಿದ್ದನ್ನೂ ಸೇರಿಸಿಯೇ ಈಗ ಹೇಳುತ್ತೇನೆ.

ಹಿರಿಯೂರಿಗೂ ಶಿರಾಕ್ಕೂ ನಡುವೆ ನಮ್ಮೂರು. ಮಳೆ ಕಡಿಮೆ, ಕಲ್ಲು ಹೆಚ್ಚು. ಎಲಚಿ, ಕಾರೆ, ಬಳ್ಳಾರಿ ಜಾಲಿ ಬೆಳೆಯುವ ಬೋರೆ. ಹಸು ಸಾಕಿದವರು ಬೇಸಿಗೆಯಲ್ಲಿ ಕಣ್ಣೀರು ಹಾಕುವ ಜಾಗದಲ್ಲಿ ಮೇಕೆ ಸಾಕಿದವರು ಹೇಗೋ ದಡ ಸೇರುತ್ತಾರೆ. ನಮ್ಮಲ್ಲಿದ್ದವು ಹೆಚ್ಚಿನವು ಬಿಳಿ ಮೈಯ, ಉದ್ದ ಕಿವಿಯ ಮೇಕೆಗಳು. ನಂದಿದುರ್ಗ ತಳಿ ಎಂದು ಈಗ ಪುಸ್ತಕದಲ್ಲಿ ಬರೆದಿರುವುದು ಇವನ್ನೇ. ಆಗ ಅವಕ್ಕೆ ತಳಿಯ ಹೆಸರಿರಲಿಲ್ಲ, ಒಂದೊಂದಕ್ಕೂ ಅಜ್ಜಿ ಇಟ್ಟ ಹೆಸರಿತ್ತು. ಹಿಂಡಿನಲ್ಲಿ ಇಪ್ಪತ್ತರ ಆಸುಪಾಸು ಹೆಣ್ಣು, ಅವುಗಳ ಮರಿಗಳು, ಒಂದು ಬೀಜದ ಹೋತ. ಆ ಹೋತ ವರ್ಷವಿಡೀ ಹಿಂಡಿನ ಜೊತೆಗೇ ಮೇಯುತ್ತಿತ್ತು. ಯಾವ ಮೇಕೆ ಯಾವಾಗ ಗಬ್ಬವಾಗುತ್ತದೆ, ಯಾವಾಗ ಈಯುತ್ತದೆ ಎಂಬ ಲೆಕ್ಕ ಯಾರಿಗೂ ಇರಲಿಲ್ಲ. ಒಂದು ಆಷಾಢದ ಗಾಳಿಯಲ್ಲಿ ಈದರೆ ಇನ್ನೊಂದು ಸುಡುವ ಚೈತ್ರದಲ್ಲಿ. ಮಳೆಗೆ ನೆನೆದು ಕೆಲವು ಮರಿ ಸಾಯುತ್ತಿದ್ದವು, ತಾಯಿಗೆ ಹಾಲಿಲ್ಲದೆ ಕೆಲವು. ಉಳಿದದ್ದು ನಮ್ಮದು ಎಂದುಕೊಂಡು ಬದುಕು ಸಾಗುತ್ತಿತ್ತು.

ಆ ವರ್ಷ ಹಿಂಗಾರು ಕೈಕೊಟ್ಟಿತು. ಕಡಲೆಕಾಯಿ ಬಳ್ಳಿಯಲ್ಲಿ ಕಾಯಿಯೇ ಇಲ್ಲ. ಸಾಲದ ಕಂತು ಕಟ್ಟಲು ಬೇರೆ ದಾರಿ ಕಾಣದೆ ಅಪ್ಪ ಸಂಕ್ರಾಂತಿಗೆ ಮೊದಲೇ ಹೋತವನ್ನು ಮಾರಿದರು. ಮೈತುಂಬಿದ ಹೋತಕ್ಕೆ ಒಳ್ಳೆಯ ಬೆಲೆ ಬಂತು. ಮುಂದಿನ ಗಂಡು ಮರಿಯನ್ನು ಬೆಳೆಸಿಕೊಂಡರಾಯಿತು ಎಂದುಕೊಂಡದ್ದೇ ಬಂತು, ಬರದ ಒತ್ತಡಕ್ಕೆ ಗಂಡು ಮರಿಗಳೂ ಒಂದೊಂದಾಗಿ ಸಂತೆ ಸೇರಿದವು. ಕೊನೆಗೆ ಉಳಿದದ್ದು ಯುಗಾದಿಯ ಹೊಸತೊಡಕಿಗೆಂದು ಬೀಜ ಒಡೆಸಿ ಮೇಯಿಸುತ್ತಿದ್ದ ಒಂದೇ ಒಂದು ಗಂಡು. ಅದು ಹೆಣ್ಣುಗಳ ನಡುವೆ ಹೆಣ್ಣಿನಂತೆಯೇ ಮೇಯ್ದುಕೊಂಡಿತ್ತು.

ಮಾಘ ಕಳೆಯಿತು, ಫಾಲ್ಗುಣ ಬಂತು. ಮರಿಗಳು ಮೊಲೆ ಬಿಟ್ಟಿದ್ದವು. ಹಿಂದಿನ ವರ್ಷಗಳಲ್ಲಾದರೆ ಅಷ್ಟು ಹೊತ್ತಿಗೆ ನಾಲ್ಕಾರು ಮೇಕೆ ಬೆದೆಗೆ ಬಂದು ರೊಪ್ಪದಲ್ಲಿ ಗದ್ದಲ ಮಾಡುತ್ತಿದ್ದವು. ಬೆದೆಯ ಮೇಕೆಯನ್ನು ಗುರುತಿಸಲು ಓದು ಬೇಕಿಲ್ಲ. ಬಾಲವನ್ನು ಬಿಡದೆ ಆಡಿಸುತ್ತದೆ, ಮೇವು ಬಿಟ್ಟು ಒರಲುತ್ತದೆ, ಪಕ್ಕದ ಮೇಕೆಯ ಮೇಲೆ ಹತ್ತುತ್ತದೆ, ಹಿಂದೆ ಲೋಳೆ ಕಾಣುತ್ತದೆ. ಆ ವರ್ಷ ಇದಾವುದೂ ಇಲ್ಲ. ಅಜ್ಜಿ ದಿನಾ ಬೆಳಗ್ಗೆ ಕಸ ಗುಡಿಸುವಾಗ ಒಂದೊಂದರ ಬಾಲ ಎತ್ತಿ ನೋಡುವಳು. ಎಲ್ಲ ಒಣಗಿದಂತೆ. ಹಿಂಡು ತೆಪ್ಪಗೆ ಬೋರೆಗೆ ಹೋಗುತ್ತಿತ್ತು, ತೆಪ್ಪಗೆ ಬರುತ್ತಿತ್ತು.

ಹೋತವಿಲ್ಲದಿದ್ದರೆ ಗಬ್ಬ ನಿಲ್ಲುವುದಿಲ್ಲ ಎಂಬುದು ಮಗುವಿಗೂ ಗೊತ್ತು. ಆದರೆ ಬೆದೆಯೇ ಯಾಕೆ ಬರುತ್ತಿಲ್ಲ ಎಂಬುದು ಮನೆಯವರಿಗೆಲ್ಲ ದಿಗಿಲು ಹುಟ್ಟಿಸಿತ್ತು. ಬೆದೆ ಬಂದರೆ ತಾನೆ ಯಾರದ್ದಾದರೂ ಹೋತಕ್ಕೆ ಹೊಡೆದುಕೊಂಡು ಹೋಗುವುದು! ಯಾರದೋ ಕಣ್ಣು ಬಿದ್ದಿದೆ ಎಂದರು. ರೊಪ್ಪದ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದ್ದಾಯಿತು. ಯುಗಾದಿ ಕಳೆದು ಮನೆಗೆ ಬಂದ ವ್ಯಾಪಾರಿ ಹಿಂಡನ್ನು ಒಂದು ಸುತ್ತು ನೋಡಿ, ಗೊಡ್ಡು ಬಿದ್ದಿವೆ, ತೂಕದ ಲೆಕ್ಕದಲ್ಲಿ ಕೊಟ್ಟುಬಿಡಿ ಎಂದು ಬೆಲೆ ಕಟ್ಟಿದ. ಎಲುಬು ಬಿಟ್ಟ ಮೇಕೆಗೆ ತೂಕದ ಬೆಲೆ ಎಂದರೆ ಬಿಟ್ಟಿ ಕೊಟ್ಟ ಹಾಗೆ. ಅಜ್ಜಿ ಆ ರಾತ್ರಿ ಊಟ ಮಾಡಲಿಲ್ಲ.

ಮಾರನೆಯ ದಿನ ಅವಳು ಗೊಲ್ಲರಹಟ್ಟಿಯ ತಾತನಿಗೆ ಹೇಳಿಕಳಿಸಿದಳು. ಕುರಿ ಮೇಕೆಯ ನಡುವೆಯೇ ಹುಟ್ಟಿ, ಅವುಗಳ ನಡುವೆಯೇ ಹಲ್ಲು ಉದುರಿಸಿಕೊಂಡ ಮನುಷ್ಯ. ಕಂಬಳಿ ಹೆಗಲಿಗೆ ಹಾಕಿ ಬಂದವನೇ ರೊಪ್ಪದೊಳಗೆ ಹೊಕ್ಕು ಒಂದೊಂದು ಮೇಕೆಯ ಬೆನ್ನುಮೂಳೆ ಸವರಿದ, ಸೊಂಟ ಹಿಡಿದು ನೋಡಿದ, ಕಣ್ಣಿನ ರೆಪ್ಪೆ ಬಿಡಿಸಿದ. ಆಮೇಲೆ ಹೊರಗೆ ಬಂದು ಜಗಲಿಯಲ್ಲಿ ಕುಳಿತು ಎಲೆ ಅಡಿಕೆ ಮೆಲ್ಲುತ್ತಾ ಹೇಳಿದ:

“ಗೊಡ್ಡೂ ಇಲ್ಲ, ದೃಷ್ಟಿಯೂ ಇಲ್ಲ ಕಣಮ್ಮ. ಹೋತ ಕಣ್ಣಿಗೆ ಬೀಳ್ದೆ, ಅದರ ನಾತ ಮೂಗಿಗೆ ಬೀಳ್ದೆ ಬೆದೆ ಎಲ್ಲಿಂದ ಬರ್ತದೆ? ಅದರ ಮೇಲೆ ಹೊಟ್ಟೆಗೂ ಇಲ್ಲ.”

“ಹಂಗಾರೆ ನಾಳೆನೇ ನಿಮ್ಮ ಹಟ್ಟಿಯಿಂದ ಒಂದು ಹೋತ ಹೊಡಕೊಂಡು ಬಾ ತಾತ,” ಅಂದಳು ಅಜ್ಜಿ. ಅವಳಿಗಿಂತ ಅವನು ಹತ್ತು ವರ್ಷ ದೊಡ್ಡವನು. ಊರೆಲ್ಲ ತಾತ ಎನ್ನುವವನನ್ನು ಅವಳೂ ತಾತ ಎಂದೇ ಕರೆಯುತ್ತಿದ್ದಳು.

“ಈಗ ಬ್ಯಾಡ. ಈಗ ತಂದ್ರೆ ಬೆದೆ ಬಂದ್ರೂ ಗಬ್ಬ ನಿಲ್ಲಲ್ಲ. ನಿಂತ್ರೂ ಭಾದ್ರಪದದ ಮಳೇಲಿ ಈದು ಮರಿ ಕಳಕೊಳ್ತೀಯ. ಕೃತ್ತಿಕಾ ಮಳೆ ಬೀಳಲಿ, ಬೋರೆ ಹಸಿರಾಗಲಿ. ಅಷ್ಟರೊಳಗೆ ಇವಕ್ಕೆ ಬೆನ್ನಿಗೆ ಮಾಂಸ ಹತ್ತಿಸು. ರೋಹಿಣಿಗೆ ನಾನೇ ಹೋತ ತರ್ತೀನಿ. ಅಲ್ಲೀತನಕ ಯಾವ ಹೋತಾನೂ ಈ ಕಡೆ ಸುಳೀಬಾರದು, ಬೇಲಿ ಆಚೆಗೂ ನಿಲ್ಲಬಾರದು.”

ಈ ಮಾತಿನಲ್ಲಿ ಎಷ್ಟು ತಿಳಿವಳಿಕೆ ಅಡಗಿತ್ತು ಎಂಬುದನ್ನು ಬಿಡಿಸಿ ನೋಡಲು ನನಗೆ ವರ್ಷಗಳೇ ಬೇಕಾದವು. ಮೇಕೆ ಗಬ್ಬ ಹೊರುವುದು ಸುಮಾರು 150 ದಿನ. ರೋಹಿಣಿ ಮಳೆ ಬರುವುದು ಮೇ ಕೊನೆಯ ವಾರ. ಆಗ ಗಬ್ಬ ಕಟ್ಟಿದರೆ ಈಯುವುದು ಅಕ್ಟೋಬರ್ ಕೊನೆ, ನವೆಂಬರ್ ಮೊದಲು. ನಮ್ಮ ಸೀಮೆಗೆ ಮಳೆ ಹೆಚ್ಚು ಬರುವುದೇ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಅಂದರೆ ಹೊಟ್ಟೆಯ ಮರಿ ಬೇಗ ಬೇಗ ಬೆಳೆಯುವ ಕೊನೆಯ ಎರಡು ತಿಂಗಳು ತಾಯಿಗೆ ಹಸಿರು ಮೇವು. ಮರಿ ನೆಲಕ್ಕೆ ಬೀಳುವ ಹೊತ್ತಿಗೆ ಮಳೆ ಹಿಂದೆ ಸರಿದು ರೊಪ್ಪ ಒಣಗಿರುತ್ತದೆ, ಕಡಲೆಕಾಯಿ ಬಳ್ಳಿ, ಹುರುಳಿ ಹೊಟ್ಟು ಕೈಗೆ ಬರುತ್ತದೆ. ಅಕ್ಷರ ಬಾರದ ಮನುಷ್ಯ ಐದು ತಿಂಗಳು ಮುಂದಿನ ಮೇವನ್ನೂ ಮಳೆಯನ್ನೂ ನೋಡಿಕೊಂಡು ಹೋತದ ದಿನ ಗೊತ್ತುಮಾಡಿದ್ದ.

ಅಲ್ಲಿಂದ ನನ್ನ ಕೆಲಸ ಹೆಚ್ಚಾಯಿತು. ಬಳ್ಳಾರಿ ಜಾಲಿಯ ಹಳದಿ ಕಾಯಿ ಬೇಸಿಗೆಯಲ್ಲಿ ತಾನಾಗಿಯೇ ಉದುರುತ್ತದೆ. ಸಿಹಿಯಾದ ಕಾಯಿ, ಮೇಕೆಗೆ ಪ್ರಾಣ. ಚೀಲಗಟ್ಟಲೆ ಆಯ್ದು ತಂದು ಸಂಜೆ ಹಿಂಡು ಬಂದಾಗ ಹಾಕುವುದು. ಕರಿಜಾಲಿ ಕಾಯಿ, ಬೇವಿನ ಸೊಪ್ಪು, ಗೋಣಿ ಮರದ ಕೊಂಬೆ, ಯಾವುದು ಸಿಕ್ಕರೆ ಅದು. ಅಜ್ಜಿ ತನ್ನ ಪಾಲಿನ ಹುರುಳಿಯನ್ನೇ ನೆನೆಸಿ ಹಿಡಿ ಹಿಡಿ ಹಂಚಿದಳು. ಹಟ್ಟಿಯ ಹಿಂಡುಗಳು ಹಾಯುವ ದಾರಿ ಬಿಟ್ಟು ನಾನು ನಮ್ಮ ಮೇಕೆಗಳನ್ನು ಕೆರೆ ಹಿಂದಿನ ಬೋರೆಗೆ ಹೊಡೆದುಕೊಂಡು ಹೋಗುತ್ತಿದ್ದೆ. ಕೃತ್ತಿಕಾ ಮಳೆ ಎರಡು ಹದ ಸುರಿಯಿತು. ಗರಿಕೆ ಚಿಗುರಿತು, ಎಲಚಿ ಎಲೆ ಬಿಟ್ಟಿತು. ಮೇಕೆಗಳ ಕೂದಲಿಗೆ ಹೊಳಪು ಬಂತು. ಆದರೂ ಬೆದೆ ಮಾತ್ರ ಒಂದಕ್ಕೂ ಇಲ್ಲ.

ರೋಹಿಣಿ ಹುಟ್ಟಿದ ಮೇಲೆ ಒಂದು ಮಧ್ಯಾಹ್ನ ತುಂತುರು ಬೀಳುತ್ತಿರುವಾಗ ತಾತ ಬಂದ. ಹೋತ ಕಣ್ಣಿಗೆ ಕಾಣುವ ಮೊದಲು ಮೂಗಿಗೆ ತಿಳಿಯಿತು. ಗುಡ್ಡದಾಚೆಯ ಬೇರೆ ಹಟ್ಟಿಯಿಂದ ತಂದ ಕರಿಯ ಹೋತ. ನಮ್ಮ ಮೇಕೆಗಳು ಹಿಂದೆಂದೂ ನೋಡದ್ದು. ಎದೆಯವರೆಗೆ ಗಡ್ಡ, ಕುತ್ತಿಗೆಯ ಮೇಲೆ ನಿಮಿರಿದ ಜಡೆಕೂದಲು, ಮುಂಗಾಲಿಗೆಲ್ಲ ತನ್ನದೇ ಉಚ್ಚೆ ಬಳಿದುಕೊಂಡು ಹಳದಿಯಾಗಿತ್ತು. ತಾತ ಹೇಳಿದ, ತನ್ನ ಹಟ್ಟಿಯಲ್ಲೇ ಮೂರು ಹೋತ ಇದ್ದರೂ ಇದನ್ನು ಹುಡುಕಿಕೊಂಡು ಹೋದೆ ಎಂದು. ಹೋತ ಆರಿಸುವಾಗ ಅವನು ಕೊಂಬಿನ ಹಿಂದಿನ ನೆತ್ತಿಯನ್ನು ಬೆರಳಿನಿಂದ ಉಜ್ಜಿ ಮೂಸಿ ನೋಡುತ್ತಿದ್ದ. ಅಲ್ಲಿ ಅಂಟು ಬರಬೇಕು, ನಾತ ಹೊಡೆಯಬೇಕು. ಮದವಿಲ್ಲದ ಹೋತ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎನ್ನುವುದು ಅವನ ಮಾತು.

ರೊಪ್ಪದ ಬಾಗಿಲು ತೆಗೆದಾಗ ಆದದ್ದನ್ನು ನಾನು ಮರೆಯುವುದಿಲ್ಲ. ಮೇವು ಕಡಿಯುತ್ತಿದ್ದ ಮೇಕೆಗಳೆಲ್ಲ ಒಟ್ಟಿಗೆ ತಲೆ ಎತ್ತಿದವು. ಹಿರಿಯ ಮೇಕೆಯೊಂದು ಮುಂದೆ ಬಂದು ಹೋತದ ಹಣೆ ಮೂಸಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಹೋತ ಕೊರಳು ಚಾಚಿ, ನಾಲಗೆ ಹೊರಚಾಚಿ ಅಲುಗಿಸುತ್ತಾ, ಮುಂಗಾಲಿನಿಂದ ನೆಲ ಕೆದರುತ್ತಾ, ಗಂಟಲಲ್ಲಿ ಸದ್ದು ಮಾಡುತ್ತಾ ಒಂದೊಂದರ ಪಕ್ಕೆಗೂ ಹೋಯಿತು. ಉಚ್ಚೆ ಹೊಯ್ದ ಮೇಕೆಯ ಹಿಂದೆ ನಿಂತು ಮೂಸಿ, ಮೇಲ್ದುಟಿ ಸುರುಳಿ ಮಾಡಿ ಮುಖ ಆಕಾಶಕ್ಕೆ ಎತ್ತಿತು. ಅಷ್ಟು ದಿನ ಸಪ್ಪೆಯಾಗಿದ್ದ ಹಿಂಡಿನಲ್ಲಿ ಆ ರಾತ್ರಿಯೆಲ್ಲ ಸದ್ದು.

ಆ ಮೊದಲ ಕೆಲವು ನಿಮಿಷಗಳಲ್ಲೇ ಮೇಕೆಯ ಮಿದುಳಿನಲ್ಲಿ ಕೆಲಸ ಶುರುವಾಗಿರುತ್ತದೆ ಎಂಬುದು ಕಾಲೇಜಿನಲ್ಲಿ ನನಗೆ ತಿಳಿದ ಮೊದಲ ಅಚ್ಚರಿ. ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಎಂಬ ಭಾಗ ಜಿಎನ್‌ಆರ್‌ಎಚ್ ಎಂಬ ರಸವನ್ನು ಬಿಟ್ಟು ಬಿಟ್ಟು ಚಿಮ್ಮಿಸುತ್ತದೆ. ಅದರ ಹಿಂದೆಯೇ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಎಂಬ ಹಾರ್ಮೋನನ್ನು ಚಿಮ್ಮಿಸುತ್ತದೆ. ಬೆದೆ ನಿಂತ ಮೇಕೆಯಲ್ಲಿ ಈ ಚಿಮ್ಮು ಬಹಳ ಅಪರೂಪ. ಅದರಿಂದ ಅಂಡಾಶಯದಲ್ಲಿ ಅಂಡ ಪಕ್ವವಾಗುವುದಿಲ್ಲ. ಮದವೇರಿದ ಹೋತ ಎದುರು ಬಂದ ಕೂಡಲೇ ಚಿಮ್ಮು ಪದೇ ಪದೇ ಬರತೊಡಗುತ್ತದೆ. ಅಂಡ ಬಲಿಯುತ್ತದೆ, ಎರಡು ಮೂರು ದಿನದಲ್ಲಿ ಎಲ್‌ಎಚ್ ಒಮ್ಮೆಗೇ ಉಕ್ಕುತ್ತದೆ, ಅಂಡ ಹೊರಬೀಳುತ್ತದೆ. ಮುಟ್ಟದೆ, ಸೂಜಿ ಚುಚ್ಚದೆ, ಬರಿಯ ಸಾನ್ನಿಧ್ಯದಿಂದ ಒಂದು ಜೀವದ ಒಳಗಿನ ಗಡಿಯಾರ ನಡೆಯತೊಡಗುತ್ತದೆ.

ಕುರಿಯಲ್ಲಿ ಇದನ್ನು ಮೊದಲು ವಿಜ್ಞಾನದ ಭಾಷೆಯಲ್ಲಿ ಬರೆದಿಟ್ಟವರು ಪಶ್ಚಿಮ ಆಸ್ಟ್ರೇಲಿಯಾದ ಅಂಡರ್‌ವುಡ್ ಮತ್ತು ಸಂಗಡಿಗರು, 1944ರಲ್ಲಿ, ಮೆರಿನೊ ಕುರಿಗಳನ್ನು ನೋಡಿ. ಮೇಕೆಯಲ್ಲಿ 1960ರಲ್ಲಿ ಟೆಕ್ಸಾಸ್‌ನ ಶೆಲ್ಟನ್, ಅಂಗೋರಾ ಮೇಕೆಗಳ ಮೇಲೆ. ಆ ನಾತದಲ್ಲಿ ಅಂಥದ್ದೇನಿದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇನ್ನೂ ಈಚೆಗೆ, 2014ರಲ್ಲಿ, ಜಪಾನಿನಲ್ಲಿ. ಟೋಕಿಯೊ ವಿಶ್ವವಿದ್ಯಾಲಯದವರು ಹೋತಗಳ ತಲೆಗೆ ಟೋಪಿಯಂಥ ಸಾಧನ ತೊಡಿಸಿ ಅಲ್ಲಿಂದ ಏಳುವ ವಾಸನೆಯನ್ನು ಹಿಡಿದಿಟ್ಟರು. ಬೀಜ ಒಡೆಸಿದ ಗಂಡಿನ ವಾಸನೆಯ ಜೊತೆ ಹೋಲಿಸಿದರು. ಬೀಜದ ಹೋತದಲ್ಲಿ ಮಾತ್ರ ಇದ್ದ ವಸ್ತುಗಳಲ್ಲಿ 4-ಈಥೈಲ್ ಆಕ್ಟನಾಲ್ ಎಂಬುದೊಂದನ್ನು ಹೆಣ್ಣು ಮೇಕೆಗೆ ಮೂಸಿಸಿದಾಗ, ಮಿದುಳಿನ ಆ ಚಿಮ್ಮುವ ಕೇಂದ್ರ ಎಚ್ಚೆತ್ತಿತು. ಗಾಳಿಗೆ ತಗುಲಿ ಅದು ಆಮ್ಲವಾದಾಗ ಬರುವುದೇ ನಮ್ಮ ಮೂಗಿಗೆ ಹೊಡೆಯುವ ಹೋತದ ನಾತ. ಅದನ್ನು ಸ್ರವಿಸುವ ಗ್ರಂಥಿಗಳು ನೆತ್ತಿಯ ಚರ್ಮದಲ್ಲಿವೆ, ಗಂಡು ಹಾರ್ಮೋನು ಇದ್ದರೆ ಮಾತ್ರ ಅವು ಸ್ರವಿಸುತ್ತವೆ. ತಾತ ಬೆರಳಿನಿಂದ ಉಜ್ಜಿ ಮೂಸುತ್ತಿದ್ದದ್ದು ಅದೇ ಜಾಗವನ್ನು. ಹೊಸತೊಡಕಿನ ಗಂಡು ಅಷ್ಟು ದಿನ ಹಿಂಡಿನಲ್ಲಿದ್ದರೂ ಒಂದು ಮೇಕೆಯೂ ಅದರತ್ತ ತಿರುಗದಿದ್ದದ್ದು ಯಾಕೆಂದು ನನಗೆ ಆಗ ಅರ್ಥವಾಯಿತು.

ವಾಸನೆಯೊಂದೇ ಎಲ್ಲವನ್ನೂ ಮಾಡುವುದಿಲ್ಲ. ಕಾಣುವುದು, ಗಂಟಲ ಸದ್ದು ಕೇಳುವುದು, ಪಕ್ಕೆಗೆ ಬಂದು ತಟ್ಟುವುದು ಎಲ್ಲವೂ ಸೇರಿದಾಗ ಹೆಣ್ಣಿನ ಮೈ ಪೂರ್ತಿ ಓಗೊಡುತ್ತದೆ. ಬೆದೆಗೆ ಬಂದ ಒಂದು ಮೇಕೆ ಪಕ್ಕದ ಮೇಕೆಗಳನ್ನೂ ಕೆಣಕುತ್ತದೆ, ಹೋತವನ್ನೂ ಇನ್ನಷ್ಟು ಕೆರಳಿಸುತ್ತದೆ.

ಕಥೆಗೆ ಬರುತ್ತೇನೆ. ಮೂರನೆಯ ದಿನಕ್ಕೆ ಬಾಲಗಳು ಆಡತೊಡಗಿದವು. ಅಜ್ಜಿ ಕುಂಕುಮ ತಂದು ಬೆದೆಗೆ ಬಂದವುಗಳ ಹಣೆಗೆ ಇಟ್ಟಳು. ಲೆಕ್ಕಕ್ಕೂ ಆಯಿತು, ಶುಭಕ್ಕೂ ಆಯಿತು. ಹೋತ ಹಾರಿತು. ಮನೆಯಲ್ಲಿ ಪಾಯಸ. ಆದರೆ ಅದಾಗಿ ಐದಾರು ದಿನಕ್ಕೆ ಅದೇ ಕುಂಕುಮದ ಮೇಕೆಗಳು ಮತ್ತೆ ಬಾಲ ಆಡಿಸಿದವು, ಮತ್ತೆ ಒರಲಿದವು. ಅಜ್ಜಿಯ ಮುಖ ಕಪ್ಪಿಟ್ಟಿತು. ಮೇಕೆ ಗಬ್ಬ ನಿಲ್ಲದಿದ್ದರೆ ತಿರುಗಿ ಬೆದೆಗೆ ಬರುವುದು ಸುಮಾರು 21 ದಿನಕ್ಕೆ ಎಂಬುದು ಅವಳ ಬದುಕಿನ ಲೆಕ್ಕ. ವಾರದೊಳಗೆ ಮತ್ತೆ ಬೆದೆ ಎಂದರೆ ಏನೋ ಕೆಟ್ಟಿದೆ ಎಂದೇ ಅವಳು ತಿಳಿದಳು. ನನ್ನನ್ನು ಹಟ್ಟಿಗೆ ಓಡಿಸಿದಳು.

ತಾತ ನಕ್ಕ. “ಹೋಗಿ ನಿಮ್ಮಜ್ಜಿಗೆ ಹೇಳು ಮಗ. ಬಾಳ ದಿನ ನಿಂತ ಕೈಪಂಪು ಹೊಡೆದ್ರೆ ಮೊದಲು ಬರೋದು ಕೆಂಪು ನೀರು. ಆಮೇಲೆ ಬರ್ತದೆ ಕುಡಿಯೋ ನೀರು. ಎಂಟು ಒಂಬತ್ತಕ್ಕೆ ಬಂತಲ್ಲ, ಆ ಬೆದೆ ನಿಲ್ತದೆ. ಹೋತಕ್ಕೆ ಮಾತ್ರ ಈಗ ಹೊಟ್ಟೆ ತುಂಬ ಹಾಕಿ.”

ಮೊದಲ ಸಲ ಅಂಡ ಹೊರಬಿದ್ದ ಜಾಗದಲ್ಲಿ ಒಂದು ಹಳದಿ ಗಂಟು ಕಟ್ಟುತ್ತದೆ. ಕಾರ್ಪಸ್ ಲೂಟಿಯಮ್ ಎಂದು ಅದಕ್ಕೆ ಹೆಸರು. ಗಬ್ಬವನ್ನು ಹಿಡಿದಿಡುವ ಪ್ರೊಜೆಸ್ಟರಾನ್ ಹಾರ್ಮೋನನ್ನು ಕೊಡುವುದು ಅದೇ. ಬಹಳ ದಿನ ಬೆದೆ ನಿಂತಿದ್ದ ಮೇಕೆಯ ಮೈಯಲ್ಲಿ ಪ್ರೊಜೆಸ್ಟರಾನ್ ಹರಿದಿರುವುದಿಲ್ಲ. ಅದರ ಪೂರ್ವಸಿದ್ಧತೆ ಇಲ್ಲದೆ ಕಟ್ಟಿದ ಆ ಮೊದಲ ಗಂಟು ಹಲವು ಮೇಕೆಗಳಲ್ಲಿ ನಾಲ್ಕೈದು ದಿನಕ್ಕೇ ಕರಗಿಬಿಡುತ್ತದೆ. ಮೇಕೆ ಮತ್ತೆ ಬೆದೆಗೆ ಬರುತ್ತದೆ, ಮತ್ತೆ ಅಂಡ ಬಿಡುತ್ತದೆ. ಈ ಸಲದ ಗಂಟು ಗಟ್ಟಿ, ಗಬ್ಬ ನಿಲ್ಲುತ್ತದೆ. ಆದ್ದರಿಂದಲೇ ಹೋತ ಬಿಟ್ಟ ಏಳರಿಂದ ಒಂಬತ್ತನೆಯ ದಿನಗಳ ನಡುವೆ ಹಿಂಡಿನ ಹೆಚ್ಚಿನ ಮೇಕೆಗಳು ಒಟ್ಟಿಗೆ ಬೆದೆಗೆ ಬರುತ್ತವೆ. ಲೋಕದ ಬೇರೆ ಬೇರೆ ಕಡೆ ರಕ್ತ ತೆಗೆದು ಹಾರ್ಮೋನು ಅಳೆದು ಕಂಡುಕೊಂಡದ್ದು ಇದನ್ನೇ. ಇಷ್ಟು ಓದಿಕೊಂಡ ಮೇಲೆ ತಾತನ ಕೆಂಪು ನೀರಿನ ಮಾತನ್ನು ನಾನು ತರಗತಿಯಲ್ಲಿ ಎದ್ದು ನಿಂತು ಹೇಳಿದ್ದೆ.

ಆ ಎಂಟು ಒಂಬತ್ತನೆಯ ದಿನಗಳಲ್ಲಿ ಹೋತಕ್ಕೆ ಮೇಯಲೂ ಪುರುಸೊತ್ತಿರಲಿಲ್ಲ. ಬೆದೆ ಇರುವುದು ಒಂದೂವರೆ ದಿನದ ಆಚೀಚೆ, ಅಷ್ಟರೊಳಗೆ ಎಲ್ಲವನ್ನೂ ಮುಟ್ಟಬೇಕು. ಒಂದು ಒಳ್ಳೆಯ ಹೋತಕ್ಕೆ ಇಪ್ಪತ್ತು ಇಪ್ಪತ್ತೈದು ಹೆಣ್ಣು ಎಂಬ ಲೆಕ್ಕ ಸುಮ್ಮನೆ ಬಂದದ್ದಲ್ಲ. ಎಲ್ಲ ಒಟ್ಟಿಗೆ ಬೆದೆಗೆ ಬಂದಾಗ ಅದಕ್ಕಿಂತ ಹೆಚ್ಚಿದ್ದರೆ ಗಬ್ಬ ತಪ್ಪುತ್ತದೆ. ಅಜ್ಜಿ ರಾಗಿ ಅಂಬಲಿ, ನೆನೆಸಿದ ಹುರುಳಿ ಕೊಟ್ಟು, ಮಧ್ಯಾಹ್ನ ಅದನ್ನು ಬೇರೆ ಕಟ್ಟಿ ಮಲಗಿಸಿದಳು. 21 ದಿನ ಕಳೆದಾಗ ಎರಡು ಮೂರು ಮೇಕೆ ಮತ್ತೆ ತಿರುಗಿದವು, ಅವೂ ನಿಂತವು. ಆರಿದ್ರಾ ಮಳೆ ಮುಗಿಯುವ ಹೊತ್ತಿಗೆ ತಾತ ಬಂದು ಹೋತವನ್ನು ಹಟ್ಟಿಗೆ ಮರಳಿ ಹೊಡೆದುಕೊಂಡು ಹೋದ. ಬದಲಿಗೆ ಏನು ಕೊಡಲಿ ಎಂದರೆ ಒಂದು ಹೆಣ್ಣು ಮರಿ ಇರಲಿ ಎಂದ.

ದೀಪಾವಳಿಯ ಹಿಂದುಮುಂದು ನಮ್ಮ ಮನೆ ಹೆರಿಗೆ ಮನೆಯಾಯಿತು. ರಾತ್ರಿ ಒಂದು, ಬೆಳಗಿನ ಜಾವ ಎರಡು, ಮೇಯಲು ಹೋದಲ್ಲಿ ಇನ್ನೊಂದು. ಅಜ್ಜಿ ರೊಪ್ಪದಲ್ಲೇ ಕಂಬಳಿ ಹಾಸಿದಳು. ಮರಿಯ ಮೂಗಿನ ಲೋಳೆ ಒರೆಸುವುದು, ಹೊಕ್ಕುಳಿಗೆ ಔಷಧಿ ಹಚ್ಚುವುದು, ಮೊದಲ ಗಿಣ್ಣುಹಾಲನ್ನು ತಪ್ಪದೆ ಕುಡಿಸುವುದು, ಮಂಕರಿ ಕವುಚಿ ಬೆಚ್ಚಗಿಡುವುದು. ಪಕ್ಕದ ಮನೆಯವರೂ ಕೈಜೋಡಿಸಿದರು. ಎಲ್ಲ ಒಟ್ಟಿಗೆ ಈಯುವುದೆಂದರೆ ಮೈಮುರಿಯುವ ಕೆಲಸ, ಅಕಾಲದ ಮಳೆ ಬಂದರೆ ಎಲ್ಲ ಮರಿಗೂ ಒಟ್ಟಿಗೇ ಆಪತ್ತು. ಆದರೆ ಕೆಲಸ ಕೆಲವೇ ದಿನದ್ದು, ಕಾವಲು ಕೆಲವೇ ದಿನದ್ದು. ತಾಯಂದಿರ ಕೆಚ್ಚಲು ತುಂಬಿತ್ತು. ಅವಳಿ ಹಾಕಿದವೇ ಹೆಚ್ಚು. ಒಂದು ಮರಿಗೆ ತಾಯಿ ಹಾಲು ಸಾಲದಿದ್ದರೆ ಅದೇ ವಾರ ಈದ ಇನ್ನೊಂದರ ಮೊಲೆಗೆ ಬಿಡಬಹುದಿತ್ತು. ವರ್ಷವಿಡೀ ಚದುರಿ ಹುಟ್ಟುತ್ತಿದ್ದಾಗ ಈ ಅನುಕೂಲ ಯಾವತ್ತೂ ಸಿಕ್ಕಿರಲಿಲ್ಲ. ಯುಗಾದಿಯ ಹೊತ್ತಿಗೆ ಒಂದೇ ಅಳತೆಯ ಗಂಡು ಮರಿಗಳು ಸಾಲಾಗಿ ನಿಂತಿದ್ದವು. ಹೊಸತೊಡಕಿನ ಬೇಡಿಕೆಗೆ ಸರಿಯಾಗಿ ಬಂದ ಮರಿಗಳು. ಹಿಂದಿನ ವರ್ಷ ತೂಕದ ಬೆಲೆ ಹೇಳಿದ್ದ ವ್ಯಾಪಾರಿಗೇ ಅಜ್ಜಿ ತಾನು ಹೇಳಿದ ಬೆಲೆಗೆ ಕೊಟ್ಟಳು.

ಮೆಕ್ಸಿಕೊ ದೇಶದ ಉತ್ತರದಲ್ಲಿ ಲಾ ಲಗುನಾ ಎಂಬ ಒಣ ಸೀಮೆಯಿದೆ, ಟೊರಿಯೊನ್ ನಗರದ ಸುತ್ತಮುತ್ತ. ಓದುವಾಗ ಅಲ್ಲಿನ ಕೆಲಸ ನನ್ನನ್ನು ಬಹಳ ಹಿಡಿಯಿತು. ನಮ್ಮ ಬೋರೆಯಂಥದ್ದೇ ಬೋರೆ, ನಮ್ಮಂಥದ್ದೇ ಬಡ ಮೇಕೆಗಾರರು. ಆದರೆ ಅದು 26 ಡಿಗ್ರಿ ಉತ್ತರದಲ್ಲಿದೆ. ಹಗಲು ಅಲ್ಲಿ ಋತುವಿಗೆ ತಕ್ಕಂತೆ ಹೆಚ್ಚು ಉದ್ದವಾಗುತ್ತದೆ, ಹೆಚ್ಚು ಗಿಡ್ಡವಾಗುತ್ತದೆ. ವಸಂತ ಬಂದರೆ ಅಲ್ಲಿನ ಹೆಣ್ಣು ಮೇಕೆಗೆ ಬೆದೆ ನಿಲ್ಲುತ್ತದೆ. ಹೋತಕ್ಕೂ ಆ ಹೊತ್ತಿಗೆ ಮದ ಇಳಿದಿರುತ್ತದೆ. ಹೋತವನ್ನು ಹಿಂಡಿಗೆ ಬಿಟ್ಟರೂ ಪ್ರಯೋಜನವಿಲ್ಲ. ಅಲ್ಲಿಯ ಹೋಸೆ ಆಲ್ಬರ್ಟೊ ದೆಲ್ಗಾದಿಯೊ ಮತ್ತು ಸಂಗಡಿಗರು, ಫ್ರಾನ್ಸಿನ ಫಿಲಿಪ್ ಶೆಮಿನೊ ಅವರ ಜೊತೆಗೂಡಿ, ಹೆಣ್ಣನ್ನು ಬಿಟ್ಟು ಹೋತದ ಕಡೆ ಗಮನ ಹರಿಸಿದರು. ನವೆಂಬರ್‌ನಿಂದ ಜನವರಿ ಮಧ್ಯದವರೆಗೆ ಹೋತಗಳ ಕೊಟ್ಟಿಗೆಯಲ್ಲಿ ದೀಪ ಹಚ್ಚಿ ದಿನಕ್ಕೆ 16 ಗಂಟೆ ಬೆಳಕು ಕೊಟ್ಟರು. ಆಮೇಲೆ ಸಹಜ ಹಗಲಿಗೆ ಬಿಟ್ಟರು. ಉದ್ದ ಹಗಲು ಮುಗಿಯಿತೆಂದು ತಿಳಿದ ಹೋತದ ಮೈ ಮಾರ್ಚ್–ಏಪ್ರಿಲ್‌ನಲ್ಲೇ ಮದವೇರಿತು. ಅಂಥ ಹೋತ ಬಿಟ್ಟ ಹಿಂಡಿನಲ್ಲಿ ಹೆಚ್ಚುಕಡಿಮೆ ಎಲ್ಲ ಮೇಕೆಗಳೂ ಬೆದೆಗೆ ಬಂದವು. ಬೆಳಕು ಕಾಣದ, ಮದವಿಲ್ಲದ ಹೋತ ಬಿಟ್ಟ ಹಿಂಡಿನಲ್ಲಿ ಎಲ್ಲೋ ಒಂದೆರಡು. ಮದವಿರುವ ಹೋತವನ್ನು ಬಿಡದೆ ಜೊತೆಗಿಟ್ಟರೆ ಬೆದೆ ನಿಲ್ಲುವ ಕಾಲದಲ್ಲೂ ಹೆಣ್ಣಿಗೆ ಬೆದೆ ನಿಲ್ಲುವುದಿಲ್ಲ ಎಂಬುದನ್ನೂ ಅವರು ತೋರಿಸಿದರು.

ನಮ್ಮ ಸೀಮೆ 14 ಡಿಗ್ರಿಯ ಹತ್ತಿರ. ಇಲ್ಲಿ ಹಗಲಿನ ಏರುಪೇರು ಕಡಿಮೆ, ಮೇಕೆಗೆ ವರ್ಷದ ಯಾವ ತಿಂಗಳಲ್ಲೂ ಬೆದೆ ಬರಬಲ್ಲದು. ಇಲ್ಲಿ ಬೆದೆಯನ್ನು ನಿಲ್ಲಿಸುವುದು ಬೇಸಿಗೆಯ ಹಸಿವು, ಮರಿಗೆ ಹಾಲುಣಿಸಿದ ಸವೆತ, ಹೋತದ ಅಗಲಿಕೆ. ನಮ್ಮ ಹಿಂಡಿಗೆ ಆ ವರ್ಷ ಮೂರೂ ಸೇರಿದ್ದವು. ಮೇವು ಕೊಟ್ಟು ಹೋತ ತರದಿದ್ದರೆ ಬೆದೆ ಯಾವಾಗಲೋ ಒಂದೊಂದಾಗಿ ಬರುತ್ತಿತ್ತು. ಮೇವಿಲ್ಲದೆ ಹೋತ ತಂದಿದ್ದರೆ ಅರ್ಧ ಹಿಂಡು ಓಗೊಡುತ್ತಿರಲಿಲ್ಲ. ಹೋತ ಬಿಡುವ ಹೊತ್ತಿಗೆ ಒಂದು ವಾರ ಹೆಚ್ಚಿನ ಮೇವು ಕೊಟ್ಟರೂ ಬಡಕಲು ಮೇಕೆಯಲ್ಲಿ ಅಂಡ ಬಿಡುವುದೂ ಗಬ್ಬ ನಿಲ್ಲುವುದೂ ಹೆಚ್ಚುತ್ತದೆ ಎಂದು ಮೆಕ್ಸಿಕೊದ ಅದೇ ತಂಡದವರು ಕಂಡಿದ್ದಾರೆ. ಅಜ್ಜಿಯ ಹಿಡಿ ಹುರುಳಿ ಮಾಡಿದ್ದು ಅದನ್ನೇ.

ಈಗ ಎಲ್ಲ ಮೇಕೆಗಳನ್ನೂ ಒಂದೇ ದಿನ ಬೆದೆಗೆ ತರಲು ಹಾರ್ಮೋನಿನ ಸ್ಪಂಜು ಇದೆ, ಸೂಜಿಮದ್ದು ಇದೆ. ದೊಡ್ಡ ಫಾರಂಗಳಲ್ಲಿ, ಕೃತಕ ಗರ್ಭಧಾರಣೆ ಮಾಡುವಲ್ಲಿ ಅವು ಬೇಕು. ನಾನೂ ಬಳಸಿದ್ದೇನೆ. ಆದರೆ ಹತ್ತು ಮೇಕೆ ಇಟ್ಟುಕೊಂಡ ಹೆಂಗಸಿಗೆ ಆ ಖರ್ಚು ಯಾಕೆ? ಬಡವರ ಹಸು ಎಂದು ಮೇಕೆಯನ್ನು ಕರೆಯುತ್ತೇವೆ, ಬಡವರಿಗೆ ಕೈಗೆಟುಕುವ ವಿದ್ಯೆಯನ್ನೂ ಅದರ ಜೊತೆ ಕೊಡಬೇಕಲ್ಲ. ಹಳ್ಳಿಗೆ ಹೋದಲ್ಲೆಲ್ಲ ನಾನು ಹೇಳುವುದು ಇಷ್ಟು. ಹೋತವನ್ನು ವರ್ಷವಿಡೀ ಹಿಂಡಿನಲ್ಲಿ ಅಲೆಯಲು ಬಿಡಬೇಡಿ. ಮೂರು ನಾಲ್ಕು ವಾರವಾದರೂ ಕಣ್ಣಿಗೆ ಕಾಣದ, ನಾತ ತಲುಪದ ಜಾಗದಲ್ಲಿಡಿ. ಆ ಹೊತ್ತಿನಲ್ಲಿ ಹೆಣ್ಣಿಗೂ ಹೋತಕ್ಕೂ ಚೆನ್ನಾಗಿ ಮೇಯಿಸಿ. ಮರಿ ಹುಟ್ಟಬೇಕಾದ ತಿಂಗಳಿಂದ ಐದು ತಿಂಗಳು ಹಿಂದಕ್ಕೆ ಎಣಿಸಿ ಹೋತ ಬಿಡಿ. ಮೊದಲ ವಾರದ ಬೆದೆ ತಿರುಗಿದರೆ ಎದೆಗುಂದಬೇಡಿ, ಹೋತವನ್ನು ಇನ್ನೂ ಒಂದು ತಿಂಗಳು ಹಿಂಡಿನಲ್ಲೇ ಇಡಿ. ಹಿಂಡಿನಲ್ಲೇ ಹುಟ್ಟಿದ ಗಂಡನ್ನು ತಾಯಿ ತಂಗಿಯರ ಮೇಲೆ ಬಿಡದೆ ಹೊರಗಿನದನ್ನು ತನ್ನಿ. ಒಳಸಂಬಂಧದ ಕೇಡೂ ತಪ್ಪುತ್ತದೆ, ಹೊಸ ಹೋತಕ್ಕೆ ಹೆಣ್ಣುಗಳು ಓಗೊಡುವುದೂ ಹೆಚ್ಚು.

ಅಜ್ಜಿ ಈ ಪಾಠವನ್ನು ಮನೆಯೊಳಗೆ ಮುಚ್ಚಿಟ್ಟುಕೊಳ್ಳಲಿಲ್ಲ. ಮರುವರ್ಷ ತಾತನನ್ನು ಕೂರಿಸಿಕೊಂಡು ನಮ್ಮೂರು, ಗೊಲ್ಲರಹಟ್ಟಿ, ಗುಡ್ಡದಾಚೆಯ ಹಟ್ಟಿ ಮೂರರ ನಡುವೆ ಒಂದು ಕಟ್ಟುಪಾಡು ಮಾಡಿದಳು. ಒಳ್ಳೆಯ ಹೋತಗಳನ್ನು ಮಾರುವ ಮೊದಲು ಒಬ್ಬರಿಗೊಬ್ಬರು ಹೇಳಬೇಕು. ಕೃತ್ತಿಕಾ ಮಳೆಯವರೆಗೆ ಅವನ್ನು ಹಿಂಡುಗಳಿಂದ ದೂರದ ತೋಟದಲ್ಲಿ ಸಾಕಬೇಕು, ಅದರ ಮೇವಿನ ಖರ್ಚು ಮೂರೂ ಕಡೆಯವರದ್ದು. ರೋಹಿಣಿಗೆ ಒಂದು ಕಡೆಯ ಹೋತ ಇನ್ನೊಂದು ಕಡೆಗೆ ಹೋಗಬೇಕು, ಎರಡು ವರ್ಷಕ್ಕೊಮ್ಮೆ ಅದಲುಬದಲಾಗಬೇಕು. ಬಾಡಿಗೆ ಹಣವಿಲ್ಲ, ಹೆಣ್ಣು ಮರಿ ಕೊಟ್ಟರೆ ಸಾಕು. ಅಜ್ಜಿ ಇಲ್ಲ, ತಾತನೂ ಇಲ್ಲ. ಆ ಕಟ್ಟುಪಾಡು ಇವತ್ತಿಗೂ ನಡೆಯುತ್ತಿದೆ, ಯಾಕೆಂದರೆ ಅದರಿಂದ ಮೂರೂ ಊರಿನ ಮರಿಗಳು ಬದುಕುತ್ತಿವೆ.